ಸಾರ್ಕೊಪೀನಿಯಾ: ತೂಕ ಇಳಿಯದೆಯೂ ಸವೆಯುವ ಸ್ನಾಯು

ಗ್ರೀಕ್ ಭಾಷೆಯಲ್ಲಿ ‘ಸಾರ್ಕ್ಸ್’ ಎಂದರೆ ಮಾಂಸ, ‘ಪೀನಿಯಾ’ ಎಂದರೆ ಕೊರತೆ. ವಯಸ್ಸಾದಂತೆ ಮೈಯ ಸ್ನಾಯು ಕರಗಿ ಬಲ ಕುಂದುವುದಕ್ಕೆ ಈ ಎರಡನ್ನು ಕೂಡಿಸಿ ಹೆಸರಿಟ್ಟವರು ಅಮೆರಿಕದ ವೈದ್ಯ ಇರ್ವಿನ್ ರೋಸನ್‌ಬರ್ಗ್, 1980ರ ದಶಕದ ಕೊನೆಯಲ್ಲಿ. 2016ರಲ್ಲಿ ಅಮೆರಿಕದ ರೋಗಗಳ ಅಧಿಕೃತ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತವೂ ಸಿಕ್ಕಿತು. ಕನ್ನಡದಲ್ಲಿ ‘ಸ್ನಾಯುಕ್ಷಯ’ ಎನ್ನಬಹುದು, ಆದರೆ ಕ್ಷಯ ಎಂದೊಡನೆ ಟಿ.ಬಿ. ನೆನಪಾಗುತ್ತದೆ. ‘ಮೂಳೆ ಸವೆತ’ ಎಲ್ಲರಿಗೂ ಗೊತ್ತಿರುವ ಮಾತು, ಅದರ ಪಕ್ಕದಲ್ಲಿ ‘ಸ್ನಾಯು ಸವೆತ’ ಸಲೀಸಾಗಿ ಕೂರುತ್ತದೆ.

ಮನೆಯಲ್ಲಿ ಇದನ್ನು ಬೇರೆ ಮಾತಿನಲ್ಲಿ ಕೇಳಿರುತ್ತೀರಿ: ‘ಅಪ್ಪ ಇಳಿದುಹೋಗಿದ್ದಾರೆ’, ‘ಅಜ್ಜಿಗೆ ನೆಲದಿಂದ ಏಳೋಕೆ ಆಗಲ್ಲ, ವಯಸ್ಸಾಯ್ತಲ್ಲ’. ವಯಸ್ಸಾಯಿತು ಎಂದು ಬಿಟ್ಟುಬಿಡುವುದೇ ಇಲ್ಲಿ ಆಗುವ ದೊಡ್ಡ ನಷ್ಟ, ಏಕೆಂದರೆ ಈ ಸವೆತದಲ್ಲಿ ಒಳ್ಳೆಯ ಪಾಲನ್ನು ಹಿಂದಕ್ಕೆ ತರಬಹುದು.

ತೂಕದ ಯಂತ್ರ ಇದನ್ನು ಹಿಡಿಯುವುದಿಲ್ಲ. ತೊಡೆಯ ಸ್ನಾಯು ಕರಗಿದಷ್ಟೇ ಕೊಬ್ಬು ಹೊಟ್ಟೆಯ ಸುತ್ತ ಸೇರಿದರೆ ಮುಳ್ಳು ನಿಂತಲ್ಲೇ ನಿಂತಿರುತ್ತದೆ. ಹೊಟ್ಟೆ ಮುಂದೆ, ಕಾಲು ಸಣ್ಣ ಎಂಬ ಮೈಕಟ್ಟಿನವರಿಗೆ ಸಕ್ಕರೆ ಕಾಯಿಲೆಯ ತೊಂದರೆಯೂ ಹೆಚ್ಚು. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಉಗ್ರಾಣವೇ ಸ್ನಾಯು, ಉಗ್ರಾಣ ಕಿರಿದಾದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇನ್ನೊಂದು ಸಂಗತಿ: ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಬೇಗ ಕುಸಿಯುತ್ತದೆ. ಆದ್ದರಿಂದ ವೈದ್ಯರು ಮೊದಲು ನೋಡುವುದು ಬಲವನ್ನು.

ಏಷ್ಯಾದ ತಜ್ಞರ ಗುಂಪು 2019ರಲ್ಲಿ ನಮ್ಮಂಥ ಮೈಕಟ್ಟಿನವರಿಗೆ ಹೊಂದುವ ಅಳತೆಗಳನ್ನು ಕೊಟ್ಟಿದೆ. ಕೈಹಿಡಿತದ ಬಲ ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಿದ್ದರೆ ಸವೆತದ ಸಂಶಯ. ಇದಕ್ಕೆ ಉಪಕರಣ ಬೇಕು. ಮನೆಯಲ್ಲಿ ಮಾಡಬಹುದಾದದ್ದು ಕುರ್ಚಿ ಪರೀಕ್ಷೆ. ಗೋಡೆಗೆ ಒರಗಿಸಿದ, ಚಕ್ರವಿಲ್ಲದ ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಸಲ ಪೂರ್ತಿ ಎದ್ದು ಕೂರಬೇಕು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಎಚ್ಚರ. ಕೈ ಊರದೆ ಏಳಲೇ ಆಗದಿದ್ದರೆ ಉತ್ತರ ಅಲ್ಲೇ ಸಿಕ್ಕಿತು. ಜೊತೆಗೆ ಮೀನಖಂಡದ ಸುತ್ತಳತೆಯನ್ನು ಅದು ಅತಿ ದಪ್ಪಗಿರುವಲ್ಲಿ ಟೇಪಿನಿಂದ ನೋಡಿ: ಗಂಡಸರಿಗೆ 34, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಇರಬಾರದು. ಕಾಲು ಊದಿಕೊಂಡಿದ್ದರೆ ಈ ಅಳತೆಯನ್ನು ನಂಬುವಂತಿಲ್ಲ.

ಊಟಕ್ಕೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಹೇಳಿದ ಪ್ರೋಟೀನ್ ಪ್ರಮಾಣ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ. 65 ದಾಟಿದವರಿಗೆ 1.0ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ವೃದ್ಧಾಪ್ಯ ಪೋಷಣೆಯ ಅಂತರರಾಷ್ಟ್ರೀಯ ತಜ್ಞರು ಶಿಫಾರಸು ಮಾಡಿದರು. ವಯಸ್ಸಾದ ಮೇಲೆ ಹೆಚ್ಚು ಏಕೆ? ಮುದಿ ಸ್ನಾಯುವಿಗೆ ಕಿವಿ ಮಂದ. ಎಳೆಯರಲ್ಲಿ ಸ್ವಲ್ಪ ಪ್ರೋಟೀನ್ ಬಂದರೂ ಸ್ನಾಯು ಕಟ್ಟುವ ಕೆಲಸ ಶುರುವಾಗುತ್ತದೆ. ವಯಸ್ಸಾದವರಲ್ಲಿ ಒಂದೇ ಹೊತ್ತಿಗೆ ಅದಕ್ಕಿಂತ ಹೆಚ್ಚು ಬಂದರೆ ಆ ಕೆಲಸ ಚೆನ್ನಾಗಿ ನಡೆಯುತ್ತದೆ.

ಈಗ 60 ಕಿಲೋ ತೂಗುವ ಹಿರಿಯರೊಬ್ಬರ ದಿನದ ಲೆಕ್ಕ ಹಾಕಿ. ಬೆಳಿಗ್ಗೆ ಮೂರು ಇಡ್ಲಿ, ಚಟ್ನಿ: ಸುಮಾರು 7 ಗ್ರಾಂ. ಮಧ್ಯಾಹ್ನ 75 ಗ್ರಾಂ ಅಕ್ಕಿಯ ಅನ್ನ, ತಿಳಿಸಾರು, ಮಜ್ಜಿಗೆ: 10. ಎರಡು ಕಾಫಿ, ಬಿಸ್ಕತ್ತು: 5. ರಾತ್ರಿ ಸಣ್ಣ ಮುದ್ದೆ, ಸಾರು, ಅರ್ಧ ಲೋಟ ಹಾಲು: 10. ಒಟ್ಟು 32, ಬೇಕಾದದ್ದು 60ಕ್ಕೂ ಮೇಲೆ. ಹೊಟ್ಟೆ ತುಂಬಿದೆ, ಸ್ನಾಯು ಉಪವಾಸವಿದೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, 100 ಗ್ರಾಂಗೆ 350 ಮಿ.ಗ್ರಾಂ ಮೀರುತ್ತದೆ. ಪ್ರೋಟೀನ್ ಮಾತ್ರ 7 ಗ್ರಾಂ, ಅಕ್ಕಿಗಿಂತ ಹೆಚ್ಚೇನಲ್ಲ. ‘ಮುದ್ದೆ ತಿಂದರೆ ಗಟ್ಟಿ’ ಎಂಬ ಮಾತು ನಿಜವಾಗುವುದು ಮುದ್ದೆಯ ಜೊತೆ ಕಾಳು ಇದ್ದಾಗ.

ಬಸ್ಸಾರಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಹಲ್ಲಿಲ್ಲದ ಹಿರಿಯರು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಪಲ್ಯವನ್ನು ಮಕ್ಕಳ ತಟ್ಟೆಗೆ ಹಾಕುತ್ತಾರೆ. ಪ್ರೋಟೀನಿನ ಬಹುಪಾಲು ಹೋದದ್ದು ಆ ಪಲ್ಯದಲ್ಲಿ. ಅವರ ಪಾಲಿನ ಕಾಳನ್ನು ಕುಕ್ಕರಿನಲ್ಲಿ ಇನ್ನೆರಡು ಕೂಗು ಹೆಚ್ಚಿಗೆ ಬೇಯಿಸಿ, ಮಸೆದು ಸಾರಿಗೇ ಬೆರೆಸಿಕೊಡಿ.

ತಿಂಡಿಗೆ 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಒಂದು ಕಾಫಿ ಸೇರಿದರೆ 17 ಗ್ರಾಂ. ಮಧ್ಯಾಹ್ನ ಅದೇ ಅನ್ನದ ಜೊತೆ 40 ಗ್ರಾಂ ಒಣಕಾಳಿನ ಪಲ್ಯ, ಮಜ್ಜಿಗೆಯ ಬದಲು ಒಂದು ಬಟ್ಟಲು ಗಟ್ಟಿ ಮೊಸರು: 20. ಸಂಜೆ ಬಿಸ್ಕತ್ತಿನ ಜಾಗಕ್ಕೆ ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಕಾಯಿ ಬೀಜ, ಅಗಿಯಲಾಗದಿದ್ದರೆ ಪುಡಿ ಮಾಡಿ: 7. ರಾತ್ರಿ ಬೇಳೆ, ಅಕ್ಕಿ 40–40 ಗ್ರಾಂ ಹಾಕಿದ ಹೆಸರುಬೇಳೆ ಹುಗ್ಗಿ, ಒಂದು ಲೋಟ ಹಾಲು: 18. ಒಟ್ಟು 62 ಗ್ರಾಂ, ಡಬ್ಬಿಯ ಪುಡಿ ಇಲ್ಲದೆ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ ಸಿಗುತ್ತದೆ. ಮೀನು, ಕೋಳಿ ತಿನ್ನುವವರಿಗೆ ಲೆಕ್ಕ ಇನ್ನೂ ಸುಲಭ. ಕಾಳು ಹೆಚ್ಚಿಸುವುದನ್ನು ಎರಡು ವಾರ ಹಿಡಿದು ನಿಧಾನವಾಗಿ ಮಾಡಿ, ನೀರೂ ಹೆಚ್ಚು ಕುಡಿಸಿ. ಒಂದೇ ದಿನ ಮಾಡಿದರೆ ಹೊಟ್ಟೆ ಉಬ್ಬರಿಸಿ ಎರಡನೇ ದಿನವೇ ಬಿಟ್ಟುಬಿಡುತ್ತಾರೆ.

ಊಟವೊಂದೇ ಸಾಲದು ಎಂಬುದಕ್ಕೆ 1994ರಲ್ಲಿ ಪ್ರಕಟವಾದ ಬಾಸ್ಟನ್ ನಗರದ ಅಧ್ಯಯನ ಬಲವಾದ ಸಾಕ್ಷಿ. ವೃದ್ಧರ ಆರೈಕೆ ಗೃಹದ 100 ಮಂದಿ, ಸರಾಸರಿ ವಯಸ್ಸು 87. ಹತ್ತು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿದವರ ಸ್ನಾಯುಬಲ ಎರಡು ಪಟ್ಟು ದಾಟಿತು. ಪೌಷ್ಟಿಕ ಪಾನೀಯ ಮಾತ್ರ ಕುಡಿದವರಿಗೆ ಆ ಲಾಭ ಸಿಗಲಿಲ್ಲ. ದಿನಾ ಪಾರ್ಕಿನಲ್ಲಿ ನಡೆಯುವುದು ಹೃದಯಕ್ಕೆ ಒಳ್ಳೆಯದು, ತೊಡೆಯ ಬಲಕ್ಕೆ ಅಷ್ಟು ಸಾಲದು. ಅದೇ ಕುರ್ಚಿಯಲ್ಲಿ ಎಂಟು–ಹತ್ತು ಸಲ ಎದ್ದು ಕೂರುವುದು, ಸ್ವಲ್ಪ ದಣಿವಾರಿಸಿಕೊಂಡು ಮತ್ತೆರಡು ಸುತ್ತು, ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಕೊನೆಯ ಎರಡು ಸಲ ಕಷ್ಟ ಎನಿಸಬೇಕು. ಏಳುವಾಗ ಉಸಿರು ಬಿಡಬೇಕು. ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ. ಮಂಡಿ ನೋಯುವವರು ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿಕೊಳ್ಳಲಿ.

ಆಸ್ಪತ್ರೆಯ ಹಾಸಿಗೆ ಎಲ್ಲಕ್ಕಿಂತ ಅಪಾಯದ ಕಾಲ. ಆರೋಗ್ಯವಾಗಿದ್ದ ವೃದ್ಧರೇ ಹತ್ತು ದಿನ ಮಲಗಿದ್ದಾಗ ಕಾಲುಗಳಿಂದ ಒಂದು ಕಿಲೋದಷ್ಟು ಸ್ನಾಯು ಹೋದದ್ದನ್ನು ಸಂಶೋಧಕರು ಅಳೆದಿದ್ದಾರೆ. ಮನೆಗೆ ಬಂದ ಮೇಲೆ ವಾರಗಟ್ಟಲೆ ಗಂಜಿ, ಬ್ರೆಡ್ಡಿನಲ್ಲೇ ಇರಿಸಿದರೆ ಅದು ಮರಳುವುದಿಲ್ಲ. ವೈದ್ಯರು ಒಪ್ಪಿದ ದಿನದಿಂದಲೇ ಬೇಳೆಕಟ್ಟಿನ ಬದಲು ಬೇಳೆಯನ್ನೇ ಕೊಡಿ, ಹಾಸಿಗೆಯ ಅಂಚಿನಿಂದ ಏಳಿಸಿ ನಿಲ್ಲಿಸಿ.

ಮೂತ್ರಪಿಂಡದ ಕಾಯಿಲೆ ಇರುವವರು ತಮ್ಮ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಇಲ್ಲೊಂದು ಸೂಕ್ಷ್ಮವಿದೆ: ಮೂತ್ರಪಿಂಡದ ಕೆಲಸ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಿಂದ. ತೀರ ಸೊರಗಿದವರಲ್ಲಿ ಅದರ ಸಂಖ್ಯೆ ಚೆನ್ನಾಗಿ ಕಂಡರೂ ಮೂತ್ರಪಿಂಡ ದುರ್ಬಲವಾಗಿರಬಹುದು. ಅಂಥವರಿಗೆ ಸ್ನಾಯುವಿನ ಗಾತ್ರವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಳಿಂದ ನುಂಗುತ್ತಿರುವವರು ರಕ್ತದಲ್ಲಿ ವಿಟಮಿನ್ ಬಿ12 ನೋಡಿಸುವುದು ಒಳ್ಳೆಯದು. ಅದರ ಕೊರತೆಯೂ ಕಾಲನ್ನು ಸೋಲಿಸುತ್ತದೆ, ಹೊರನೋಟಕ್ಕೆ ಸ್ನಾಯು ಸವೆತದಂತೆಯೇ ಕಾಣುತ್ತದೆ.

ಮೊದಲ ದಿನದ ಸೆಕೆಂಡುಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಮೂರು ತಿಂಗಳಾದ ಮೇಲೆ ಅದೇ ಕುರ್ಚಿ, ಅದೇ ಐದು ಸಲ, ಮತ್ತೆ ಗಡಿಯಾರ.