ಎಟಿಎಂ ಮುಂದೆ ಎಲ್ಲೆಲ್ಲಿ ಎಡವುತ್ತಾರೆ? ಶೆರ್ಪಾ ವಿಧಾನದ ಟಿಪ್ಪಣಿ

ಜನ ಎಡವುವ ಮೊದಲೇ ಎಡವುವ ಜಾಗ ಗುರುತಿಸುವುದು ಶೆರ್ಪಾ (SHERPA, ಮನುಷ್ಯರ ತಪ್ಪುಗಳನ್ನು ಕ್ರಮವಾಗಿ ಊಹಿಸಿ ತಗ್ಗಿಸುವ ವಿಧಾನದ ಇಂಗ್ಲಿಷ್ ಹೆಸರಿನ ಕಿರುರೂಪ) ವಿಧಾನದ ಕೆಲಸ. ಡೇವಿಡ್ ಎಂಬ್ರಿ 1986ರಲ್ಲಿ ಇದನ್ನು ಪ್ರಕಟಿಸಿದ್ದು ಅಣುಸ್ಥಾವರದಂಥ ಅಪಾಯದ ಉದ್ಯಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆಮೇಲೆ ಟಿಕೆಟ್ ಯಂತ್ರಗಳ ಪರೀಕ್ಷೆಗೂ ಬಳಕೆಯಾಯಿತು.

ಮೊದಲು ಕೆಲಸವನ್ನು ಬಿಡಿಸಿ: ಕಾರ್ಡ್ ತೂರಿಸು, ಭಾಷೆ ಆರಿಸು, 4 ಅಂಕಿಯ ಪಿನ್ ಒತ್ತು, ಮೊತ್ತ ಒತ್ತು, ಪರದೆ ನೋಡಿ ಖಚಿತಪಡಿಸು, ನೋಟು ತೆಗೆದುಕೋ, ಕಾರ್ಡ್ ತೆಗೆದುಕೋ. ಈ ವಿಧಾನ ಕಲಿಯುವವರು ಅವಸರ ಮಾಡುವುದು ಇಲ್ಲೇ. 'ಕಾರ್ಡ್ ತೂರಿಸು' ಎಂದು ಒಂದೇ ಸಾಲಿಗೆ ನಿಲ್ಲಿಸಿದರೆ ಚಿಪ್ ಯಾವ ಕಡೆಗಿರಬೇಕು, ಎಷ್ಟು ಒಳಗೆ ಹೋಗಬೇಕು ಎಂಬ ಎರಡು ಹಂತ ಕಾಣೆಯಾಗುತ್ತವೆ. ಅವುಗಳ ತಪ್ಪುಗಳೂ ಕಾಣೆಯಾಗುತ್ತವೆ.

ಪ್ರತಿ ಹಂತವೂ 5 ವರ್ಗಗಳಲ್ಲಿ ಒಂದಕ್ಕೆ ಸೇರುತ್ತದೆ: ಕ್ರಿಯೆ, ಪರಿಶೀಲನೆ, ಮಾಹಿತಿ ಪಡೆಯುವುದು, ಮಾಹಿತಿ ತಿಳಿಸುವುದು, ಆಯ್ಕೆ. ವರ್ಗಕ್ಕೊಂದು ಸಿದ್ಧಪಟ್ಟಿ ಇದೆ. ಕ್ರಿಯೆಯ ಪಟ್ಟಿಯಲ್ಲಿ ಎ3 ತಪ್ಪು ದಿಕ್ಕು, ಎ8 ಹಂತವನ್ನೇ ಬಿಡುವುದು, ಎ9 ಅರೆಬರೆ ಮಾಡುವುದು. ನಂಬುವಂಥ ತಪ್ಪು ಸಿಕ್ಕರೆ ಅದರ ಪರಿಣಾಮ, ಯಾವ ಹಂತದಲ್ಲಿ ಸರಿಪಡಿಸಬಹುದು, ಸಂಭವ, ಗಂಭೀರತೆ, ಪರಿಹಾರ ಬರೆಯಿರಿ. 500 ಒತ್ತುವ ಕಡೆ 5000 ಒತ್ತಿದರೆ ಖಚಿತಪಡಿಸುವ ಪರದೆಯಲ್ಲಿ ಸರಿಪಡಿಸಬಹುದು. ಆದರೆ ಆ ಪರದೆಯನ್ನು ಓದದೆ 'ಹೌದು' ಒತ್ತುವುದು ಪರಿಶೀಲನೆಯ ಪಟ್ಟಿಯ ಸಿ1, ಅಂದರೆ ಪರಿಶೀಲನೆಯನ್ನೇ ಬಿಟ್ಟ ತಪ್ಪು. ಮೊತ್ತವನ್ನು ದೊಡ್ಡದಾಗಿ, ಅಕ್ಷರದಲ್ಲೂ ತೋರಿಸಿ.

ಕೊನೆಯ ಹಂತವೇ ನಿಜವಾದ ಪಾಠ. ಬಂದದ್ದು ಹಣಕ್ಕೆ, ನೋಟು ಕೈಗೆ ಬಂದೊಡನೆ ಮನಸ್ಸಿನಲ್ಲಿ ಕೆಲಸ ಮುಗಿಯಿತು, ಕಾರ್ಡ್ ಯಂತ್ರದಲ್ಲೇ ಉಳಿಯಿತು. ಎ8. ಮುಂದೆ ಹಂತವೇ ಇಲ್ಲದ್ದರಿಂದ ಸರಿಪಡಿಸುವ ಅಂಕಣದಲ್ಲಿ 'ಇಲ್ಲ' ಎಂದೇ ಬರೆಯಬೇಕು. ಇದನ್ನು ಮರೆಗುಳಿತನ ಎನ್ನುವುದು ಸೋಮಾರಿ ವಿವರಣೆ, ತಪ್ಪು ಇರುವುದು ಹಂತಗಳ ಕ್ರಮದಲ್ಲಿ. ಬೀಪ್ ಸದ್ದು, ಸೂಚನಾ ಫಲಕ ಅಷ್ಟಕ್ಕಷ್ಟೇ. ಕಾರ್ಡ್ ಹಿಂಪಡೆದ ಮೇಲೆಯೇ ನೋಟು ಬರುವಂತೆ ಮಾಡಿದರೆ ಮರೆಯಲು ಅವಕಾಶವೇ ಕಡಿಮೆ.

ಪಟ್ಟಿ ಮುಗಿದ ಮೇಲೆ ನಿಜವಾದ ಬಳಕೆದಾರರನ್ನು ಗಮನಿಸಿ (ಪಿನ್ ಒತ್ತುವಾಗ ಕಣ್ಣು ಬೇರೆ ಕಡೆಗಿರಲಿ!). 20 ತಪ್ಪು ಊಹಿಸಿದ್ದೀರಿ, ಅದರಲ್ಲಿ 8 ಕಂಡವು, ಊಹಿಸದ 2 ಕೂಡ ಕಂಡವು ಎನ್ನಿ. ಹಿಡಿದ ಪ್ರಮಾಣ 8/10, ಅಂದರೆ 0.8. ಉಳಿದ 12 ಸುಳ್ಳು ಎಚ್ಚರಿಕೆ. ಹೊಳೆದದ್ದನ್ನೆಲ್ಲ ಪಟ್ಟಿಗೆ ತುರುಕಿದರೆ ಹಿಡಿದ ಪ್ರಮಾಣ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ನೋಡಿ. ಆದರೆ ಅರ್ಧ ದಿನ ನಿಂತು ನೋಡಿದಾಗ ಕಾಣಲಿಲ್ಲವೆಂದು ಗಂಭೀರ ತಪ್ಪೊಂದನ್ನು ಹೊಡೆದುಹಾಕಬೇಡಿ. ಅಪರೂಪದ್ದು ಕಾಣಲು ಇನ್ನೂ ಹೆಚ್ಚು ಜನರನ್ನು ಗಮನಿಸಬೇಕು.