ಜಾಲಿ ಕಂಟಿ ಕೀಳೋದಕ್ಕೆ ಟ್ರ್ಯಾಕ್ಟರಿಗೆ ಎಂಥ ಬಕೆಟ್ ಬೇಕು?

ಬಳ್ಳಾರಿ ಜಾಲಿಯ ಜೀವವೆಲ್ಲ ಅದರ ಬೊಡ್ಡೆಯಲ್ಲಿದೆ. ಮಣ್ಣಿನ ಮಟ್ಟದಿಂದ ಸುಮಾರು ಒಂದು ಗೇಣು ಕೆಳಗಿನವರೆಗೂ ಅಲ್ಲಿ ಮೊಗ್ಗುಗಳು ಮಲಗಿರುತ್ತವೆ. ಮೇಲೆ ಕಡಿದರೆ ಅವು ಏಳುತ್ತವೆ. ಒಂದು ಕಾಂಡ ಇದ್ದ ಜಾಗದಲ್ಲಿ ಹತ್ತಾರು ಕಾಂಡ ಬರುತ್ತವೆ. ‘ಬೊಡ್ಡಿ ಉಳದ್ರ ಮತ್ತ ಚಿಗೀತದರಿ’ ಅಂತ ಜೆಸಿಬಿ ಓಡಿಸೋ ಹುಡುಗರು ಹೇಳೋದು ಇದನ್ನೇ. 1877ರಲ್ಲಿ ಜಮೈಕಾದಿಂದ ಬೀಜ ತರಿಸಿ ಕಡಪದ ಕಡೆ ನೆಟ್ಟ ಗಿಡ ಇದು. ಈಗ ಸಿಂಧನೂರು, ಮಸ್ಕಿ, ಸಿರುಗುಪ್ಪ, ಕುಷ್ಟಗಿ, ಎಲ್ಲಿ ಹೋದರೂ ಕಾಲುವೆ ದಂಡೆಯಲ್ಲಿ, ಕೆರೆ ಅಂಗಳದಲ್ಲಿ, ಬೀಳು ಬಿದ್ದ ಹೊಲದಲ್ಲಿ ಇದೇ ಕಾಣುತ್ತದೆ.

ಹಾಗಾಗಿ ಟ್ರ್ಯಾಕ್ಟರ್ ಲೋಡರಿಗೆ, ಅಂದರೆ ಟ್ರ್ಯಾಕ್ಟರಿನ ಮುಂದೆ ಕೂರಿಸುವ ಎತ್ತುವ ತೋಳಿಗೆ, ಬಕೆಟ್ ಆರಿಸುವಾಗ ಎರಡೇ ಪ್ರಶ್ನೆ ಕೇಳಬೇಕು. ಬೊಡ್ಡೆ ಬರುತ್ತಾ? ಮಣ್ಣು ಹೊಲದಲ್ಲೇ ಉಳಿಯುತ್ತಾ?

ತಿಪ್ಪೆ ಗೊಬ್ಬರ, ಗರಸು ತುಂಬೋದಕ್ಕೆ ಬರುವ ಮಾಮೂಲಿ ಬಕೆಟ್ ಎರಡರಲ್ಲೂ ಸೋಲುತ್ತದೆ. ಅದರ ಅಂಚು ಆರು ಅಡಿ ಅಗಲ ಅಂದುಕೊಳ್ಳಿ. ಟ್ರ್ಯಾಕ್ಟರ್ ಒಂದು ಟನ್ ಬಲ ಹಾಕಿ ತಳ್ಳಿದರೆ ಒಂದೊಂದು ಅಡಿಗೆ ಸಿಗೋದು 170 ಕೆಜಿಯಷ್ಟು. ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಕಲ್ಲಾಗಿರುವಾಗ ಅಷ್ಟರಿಂದ ಏನೂ ಆಗೋದಿಲ್ಲ. ಅಂಚು ಜಾರಿ, ಕಂಟಿಯನ್ನು ನೆಲದ ಮಟ್ಟಕ್ಕೆ ಮುರಿದು ಮುಂದೆ ಹೋಗುತ್ತದೆ. ಅದೇ ಬಕೆಟ್ಟಿಗೆ ಎರಡೆರಡು ಇಂಚು ಅಗಲದ ಆರು ಹಲ್ಲು ಹಾಕಿಸಿ. ಆಗ ಪೂರ್ತಿ ಒಂದು ಟನ್ ಬಲ ಒಟ್ಟು ಒಂದೇ ಅಡಿ ಅಗಲದ ಮೇಲೆ ಬೀಳುತ್ತದೆ. ಹಲ್ಲು ಮಣ್ಣಿಗೆ ಇಳಿಯುತ್ತದೆ, ಬೊಡ್ಡೆಯ ಅಡಿಗೆ ಹೋಗುತ್ತದೆ.

ಈ ಹಲ್ಲಿನ ಪಟ್ಟಿಯನ್ನು ಬೋಲ್ಟ್ ಹಾಕಿ ಕೂರಿಸೋದು ಒಳ್ಳೆಯದು. ಬಕೆಟ್ಟಿನ ಅಂಚು ಗಡಸು ಉಕ್ಕಿನದು. ಅದನ್ನು ಮೊದಲೇ ಕಾಯಿಸದೆ ಸುಮ್ನೆ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡಬಹುದು. ಬೋಲ್ಟ್ ಆದರೆ ಗೊಬ್ಬರ ತುಂಬುವ ದಿನ ಬಿಚ್ಚಿಡಬಹುದು ಕೂಡ.

ಆದರೆ ಹಲ್ಲಿದ್ದರೂ ಅದು ಬಕೆಟ್ಟೇ. ತಳ ಮುಚ್ಚಿರುವುದರಿಂದ ಕಂಟಿಯ ಜೊತೆ ಮಣ್ಣೂ ಬರುತ್ತದೆ. ಒಂದು ಎಕರೆಯಲ್ಲಿ ಒಂದೇ ಒಂದು ಸೆಂಟಿಮೀಟರ್ ಮಣ್ಣು ಕೆರೆದರೂ 40 ಘನಮೀಟರ್ ಆಗುತ್ತದೆ, ಅಂದರೆ ಸುಮಾರು 50 ಟನ್. ಬೆಳೆಗೆ ಬೇಕಾದ ಸಾರವೆಲ್ಲ ಇರುವ ಮೇಲ್ಮಣ್ಣು ಅದು. ಅದನ್ನು ಕಂಟಿಯ ಜೊತೆ ಒಡ್ಡಿನ ಮೇಲೆ ಗುಡ್ಡೆ ಹಾಕಿ ಸುಡೋದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಅದಕ್ಕೇ ನನ್ನ ಆಯ್ಕೆ ರೂಟ್ ರೇಕ್, ಅಂದರೆ ತಳದ ತಗಡೇ ಇಲ್ಲದೆ ಬರೀ ದಪ್ಪ ಉಕ್ಕಿನ ಕಡ್ಡಿಗಳಿರುವ ಬಕೆಟ್. ಅದು ಕೆಲಸ ಮಾಡೋದನ್ನು ಹತ್ತಿರದಿಂದ ನೋಡಬೇಕು. ಕಡ್ಡಿಗಳು ಬೊಡ್ಡೆಯ ಒಂದು ಮೊಳ ಹಿಂದೆಯೇ ಓರೆಯಾಗಿ ನೆಲಕ್ಕೆ ಇಳಿಯುತ್ತವೆ. ಟ್ರ್ಯಾಕ್ಟರ್ ನಿಧಾನಕ್ಕೆ ಮುಂದೆ ಸರಿಯುತ್ತದೆ. ಆಮೇಲೆ ಚಾಲಕ ತೋಳು ಎತ್ತೋದಿಲ್ಲ, ಬಕೆಟ್ಟನ್ನು ಮಾತ್ರ ಹಿಂದಕ್ಕೆ ಮಡಿಸುತ್ತಾನೆ. ಬಕೆಟ್ಟಿನ ಹಿಮ್ಮಡಿ ನೆಲಕ್ಕೆ ಊರಿಕೊಂಡು ಇಡೀ ಬಕೆಟ್ ಸನಿಕೆಯ ಹಾಗೆ ಮೀಟುತ್ತದೆ. ಪಟ ಪಟ ಅಂತ ಪಕ್ಕದ ಬೇರು ಹರಿಯುತ್ತವೆ, ಬೊಡ್ಡೆ ಮೇಲೇಳುತ್ತದೆ. ಎರಡು ಸಲ ಅಲುಗಾಡಿಸಿದರೆ ಮಣ್ಣು ಕಡ್ಡಿಗಳ ಸಂದಿಯಿಂದ ಉದುರಿಹೋಗುತ್ತದೆ. ತೋಳು ಎತ್ತಿ ಕೀಳಲು ಹೋದರೆ ಬಲವೂ ಕಮ್ಮಿ, ಮುಂದಿನ ಚಕ್ರಗಳು ಹೂತುಕೊಳ್ಳುತ್ತವೆ. ಒಂದೇ ಮೂಲೆಯ ಕಡ್ಡಿಯಿಂದ ಮೀಟಿದರೆ ತೋಳು ತಿರುಚಿಕೊಳ್ಳುತ್ತದೆ.

ಮೇಲಿನಿಂದ ಹಿಡಿಯುವ ದವಡೆ ಇರುವ ಗ್ರ್ಯಾಪಲ್ ಆದರೆ ಇನ್ನೂ ಅನುಕೂಲ. ಜಾಲಿ ಕಂಟಿ ಬುಟ್ಟಿಯಂತೆ ಹರಡಿಕೊಳ್ಳುತ್ತದೆ, ಬಕೆಟ್ಟಿನಲ್ಲಿ ನಿಲ್ಲದೆ ಉರುಳುತ್ತದೆ. ದವಡೆ ಅದನ್ನು ಒತ್ತಿ ಹಿಡಿಯುತ್ತದೆ. ಆದರೆ ಅದಕ್ಕೆ ಇನ್ನೊಂದು ಜೊತೆ ಹೈಡ್ರಾಲಿಕ್ ಪೈಪ್ ಬೇಕು, ತೂಕವೂ ಜಾಸ್ತಿ.

ತೂಕದ ಲೆಕ್ಕವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಬಕೆಟ್ಟೂ ಕಂಟಿಯೂ ಸೇರಿ 600 ಕೆಜಿ, ಅದು ಮುಂದಿನ ಅಚ್ಚಿನಿಂದ ಒಂದೂವರೆ ಮೀಟರ್ ಆಚೆ ಇದೆ ಅಂದುಕೊಳ್ಳಿ. ಎರಡು ಅಚ್ಚುಗಳ ನಡುವೆ ಎರಡು ಮೀಟರ್. ಆಗ ಮುಂದಿನ ಚಕ್ರದ ಮೇಲೆ ಟ್ರ್ಯಾಕ್ಟರ್ ತಕ್ಕಡಿಯಾಗಿ, ಹಿಂದಿನ ಚಕ್ರಗಳಿಂದ 450 ಕೆಜಿ ಭಾರ ಮಾಯವಾಗುತ್ತದೆ. ಎಳೆಯುವ ಬಲ ಹೆಚ್ಚಾಗಿ ಇರೋದೇ ಆ ಚಕ್ರಗಳಲ್ಲಿ, ಅಲ್ವಾ? ಒಡ್ಡು ಹತ್ತುವಾಗ ಗಾಡಿ ಮಗುಚುವ ಅಪಾಯವೂ ಅಲ್ಲಿಂದಲೇ. ಹಿಂದಿನ ಅಚ್ಚಿನಿಂದ ಒಂದು ಮೀಟರ್ ಹಿಂದೆ 300 ಕೆಜಿಯ ಕಲ್ಟಿವೇಟರೋ ಕಾಂಕ್ರೀಟ್ ದಿಮ್ಮಿಯೋ ತೂಗುಹಾಕಿದರೆ ಆ 450 ಕೆಜಿ ಪೂರ್ತಿ ವಾಪಸ್ ಬರುತ್ತದೆ. ಕಂಟಿ ಹೊತ್ತು ಹೋಗುವಾಗ ಬಕೆಟ್ ಮೊಳಕಾಲಿನ ಎತ್ತರ ದಾಟಬಾರದು.

ಯಾವ ಬಕೆಟ್ ಆದರೂ ಮಣ್ಣಿನ ಹದ ನೋಡಿಯೇ ಕೆಲಸ ಶುರು ಮಾಡಿ. ಏಪ್ರಿಲ್‌ನಲ್ಲಿ ಎರೆ ಹೊಲದಲ್ಲಿ ಬೊಡ್ಡೆ ನಡುವಿನಲ್ಲೇ ಮುರಿಯುತ್ತದೆ. ಮಳೆ ಬಂದ ಮಾರನೇ ದಿನ ಹೋದರೆ ಗಾಡಿಯೇ ಹೂತುಕೊಳ್ಳುತ್ತದೆ. ಮೊದಲ ಮಳೆಯಾಗಿ ಮೇಲೆ ಆರಿ ಒಳಗೆ ತೇವ ಇರುವ ದಿನಗಳೇ ಸರಿ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಿ, ಆ ಹದ ಬೇಗ ಬರುತ್ತದೆ, ಬೇಗ ಹೋಗುತ್ತದೆ.

ಜಾಲಿ ಕಾಯಿ ತಿಂದ ದನ, ಕುರಿಗಳ ಹೊಟ್ಟೆಯಲ್ಲಿ ಎಷ್ಟೋ ಬೀಜ ಸಾಯೋದಿಲ್ಲ, ಸಗಣಿ ಹಿಕ್ಕೆಯ ಜೊತೆ ಹೊಲಕ್ಕೇ ಬೀಳುತ್ತದೆ. ಹಾಗಾಗಿ ಕಿತ್ತ ಹೊಲದಲ್ಲಿ ಮುಂದಿನ ಮಳೆಗೆ ಸಸಿ ಏಳೋದು ಖಂಡಿತ. ಗೇಣುದ್ದ ಇರುವಾಗ ಅವನ್ನು ಕೈಯಲ್ಲೇ ಬೇರುಸಮೇತ ಎಳೆದು ಹಾಕಬಹುದು, ಅದಕ್ಕೆ ಲೋಡರ್ ಬೇಕಿಲ್ಲ.