ಎಂಸಿಬಿ ಹಾಕ್ಸಿದ್ದೀವಲ್ಲ ಸಾರ್, ಮತ್ತೆ ಶಾಕ್ ಯಾಕೆ ಹೊಡೀತು?

ಓದುಗರ ಪ್ರಶ್ನೆ: "ಹೋದ ವರ್ಷ ಮನೆ ವೈರಿಂಗ್ ಪೂರ್ತಿ ಹೊಸದು ಮಾಡ್ಸಿದ್ವಿ. ಹಳೇ ಫ್ಯೂಸ್ ಎಲ್ಲಾ ತೆಗೆಸಿ ಒಳ್ಳೇ ಕಂಪನಿ ಎಂಸಿಬಿ ಹಾಕ್ಸಿದ್ವಿ. ಮೊನ್ನೆ ನಮ್ಮನೆಯವ್ರು ಸ್ನಾನಕ್ಕೆ ಹೋದಾಗ ಬಿಸಿನೀರಿನ ನಲ್ಲಿ ಮುಟ್ಟಿದ್ದಕ್ಕೆ ಶಾಕ್ ಹೊಡೀತು. ಎಂಸಿಬಿ ಬೀಳಲೇ ಇಲ್ಲ. ಡೂಪ್ಲಿಕೇಟ್ ಮಾಲ್ ಕೊಟ್ಬಿಟ್ರಾ? ಯಾವ ಕಂಪನಿದು ಹಾಕ್ಸಿದ್ರೆ ಒಳ್ಳೇದು?"

ಡೂಪ್ಲಿಕೇಟ್ ಅಲ್ಲ ಸ್ವಾಮಿ. ಎಂಸಿಬಿ ಅಂದ್ರೆ ಕರೆಂಟ್ ಮಿತಿ ಮೀರಿ ಹರಿದ್ರೆ ತಾನೇ ಬಿದ್ದು ಲೈನ್ ಕಟ್ ಮಾಡೋ ಸ್ವಿಚ್ಚು. ನಿಮ್ಮ ಎಂಸಿಬಿ ನೆಟ್ಟಗೇ ಇದೆ, ಅದರ ಕೆಲಸ ಅದು ಮಾಡ್ತಿದೆ. ಶಾಕ್ ತಡೆಯೋದು ಅದರ ಕೆಲಸವೇ ಅಲ್ಲ, ಅಷ್ಟೇ ವಿಷಯ. ಮಳೆಗಾಲ ಶುರುವಾದ್ರೆ ಸಾಕು ಇದೇ ಪ್ರಶ್ನೆ ಬರುತ್ತೆ, ಊರು ಬೇರೆ, ಗೀಸರ್ ಬದಲು ಮೋಟಾರು ಅಂತಿರುತ್ತೆ, ಕೊನೇಲಿ ಮಾತ್ರ ತಪ್ಪದೇ "ಯಾವ ಕಂಪನಿ ಒಳ್ಳೇದು". ಹಾಗಾಗಿ ಈ ಸಲ ಉದ್ದಕ್ಕೆ ಬರೆದು ಇಟ್ಬಿಡ್ತೀನಿ, ಮುಂದೆ ಯಾರಾದ್ರೂ ಕೇಳಿದ್ರೆ ಇದನ್ನೇ ಕೈಗೆ ಕೊಡೋದು.

ಕರೆಂಟನ್ನ ನೀರಿಗೆ ಹೋಲಿಸಿ ಓವರ್‌ಹೆಡ್ ಟ್ಯಾಂಕು, ಪೈಪು, ನೀರಿನ ಒತ್ತಡ ಇದೆಲ್ಲಾ ನಿಮ್ಮ ಹೈಸ್ಕೂಲ್ ಮೇಷ್ಟ್ರು ಹೇಳಿರ್ತಾರೆ, ನಾನು ಮತ್ತೆ ಹೇಳಲ್ಲ. ಮನೆ ಪ್ಲಗ್ಗಿಗೆ ಬರೋದು 230 ವೋಲ್ಟ್, ಅದು ತಳ್ಳೋ ಶಕ್ತಿ. ಎಷ್ಟು ಕರೆಂಟ್ ಹರಿಯುತ್ತೆ (ಅದರ ಅಳತೆ ಆಂಪ್) ಅನ್ನೋದು ದಾರೀಲಿ ಎಷ್ಟು ಅಡ್ಡಿ ಇದೆ ಅನ್ನೋದರ ಮೇಲೆ. ಭಾಗಾಕಾರ ಬಂದ್ರೆ ಸಾಕು. 2000 ವ್ಯಾಟ್ ಗೀಸರ್ 230ರಲ್ಲಿ ಎಳೆಯೋದು 8.7 ಆಂಪ್. ಒದ್ದೆ ಕೈ, ಬರಿಗಾಲು, ಬಾತ್‌ರೂಮ್ ನೆಲ, ಇಂಥ ಸ್ಥಿತೀಲಿ ಮನುಷ್ಯನ ಮೈನ ಅಡ್ಡಿ ಸುಮಾರು 1000 ಓಮ್ ಅಂತ ಇಟ್ಕೊಂಡ್ರೆ ನಿಮ್ಮ ಮೈಯಲ್ಲಿ ಹರಿಯೋದು 0.23 ಆಂಪ್. ಈಗ ಎರಡನ್ನೂ ಕೂಡಿಸಿ, ಗೀಸರ್ 8.7, ನೀವು 0.23, ಒಟ್ಟು 8.93. ಎಂಸಿಬಿ ಎಷ್ಟರದ್ದು? 16 ಆಂಪ್. ಅದರ ಲೆಕ್ಕದಲ್ಲಿ ಅಲ್ಲಿ ಏನೂ ಆಗೇ ಇಲ್ಲ! ಗೀಸರ್ ಓಡ್ತಿದೆ, ಜೊತೆಗೆ ಎಲ್ಲೋ ಒಂದು ಬಲ್ಬ್ ಹತ್ತಿದೆ ಅಷ್ಟೇ. ಆ ಬಲ್ಬ್ ನೀವು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು?

ಬಲ್ಬ್ ಅಂದ್ಮೇಲೆ ಇನ್ನೊಂದು. ದೇವರ ಮನೇಲಿ ಹಾಕ್ತಿದ್ವಲ್ಲ ಹಳೇ ಬಣ್ಣದ ಜೀರೋ ಬಲ್ಬು, ಹೆಸರು ಮಾತ್ರ ಜೀರೋ, ಅದು ಸುಮಾರು 15 ವ್ಯಾಟ್ ತಿನ್ನುತ್ತೆ. ಅಂದ್ರೆ 65 ಮಿಲಿಆಂಪ್ (ಸಾವಿರ ಮಿಲಿಆಂಪ್ ಸೇರಿದ್ರೆ ಒಂದು ಆಂಪ್). ಮೈಯಲ್ಲಿ ಸುಮಾರು 10 ಮಿಲಿಆಂಪ್ ದಾಟಿದ್ರೆ ಹಿಡಿದ ಕೈ ಬಿಡೋಕಾಗಲ್ಲ, ಸ್ನಾಯು ಹಿಡ್ಕೊಳ್ಳುತ್ತೆ, 50ರ ಮೇಲೆ ಒಂದೆರಡು ಸೆಕೆಂಡ್ ಹೃದಯದ ದಾರೀಲಿ ಹರಿದ್ರೆ ಬಡಿತವೇ ತಪ್ಪಿಹೋಗಬಹುದು. ಅಂದ್ರೆ ಆ ಮಿಣಿಮಿಣಿ ಬಲ್ಬ್ ಹತ್ತಿಸೋಕೆ ಬೇಕಾದಷ್ಟು ಕರೆಂಟು ಜೀವ ತೆಗೆಯೋಕೆ ಸಾಕು. ಜೀರೋ ಬಲ್ಬ್ ಹಾಕಿದ್ರೆ ಯಾವತ್ತಾದ್ರೂ ಎಂಸಿಬಿ ಬಿದ್ದಿದ್ಯಾ? ಇಲ್ಲ ತಾನೇ. ಮತ್ತೆ ನೀವು ಮುಟ್ಟಿದ್ರೆ ಯಾಕೆ ಬೀಳುತ್ತೆ?

ಇಷ್ಟು ಹೇಳಿದ್ಮೇಲೂ ಒಬ್ರು ಫೋನ್ ಮಾಡಿ "ಹಾಗಾದ್ರೆ 6 ಆಂಪ್‌ದು ಹಾಕ್ಸಿದ್ರೆ?" ಅಂದ್ರು. ಅಯ್ಯೋ. 6 ಆಂಪ್‌ದು ಹಾಕಿದ್ರೆ ಗೀಸರ್ ಹಾಕಿದ ಸ್ವಲ್ಪ ಹೊತ್ತಿಗೇ ಬೀಳುತ್ತೆ, ನಿಮ್ಮ 0.23 ಮಾತ್ರ ಆಗಲೂ ಕಾಣಲ್ಲ.

ಎಂಸಿಬಿ ಒಳಗೆ ಇರೋದು ಎರಡೇ ಸಂಗತಿ. ಒಂದು, ಎರಡು ಲೋಹ ಅಂಟಿಸಿದ ಪಟ್ಟಿ, ಜಾಸ್ತಿ ಕರೆಂಟ್ ಹರಿದ್ರೆ ಬಿಸಿಯಾಗಿ ಬಾಗಿ ಲಿವರ್ ಬೀಳಿಸುತ್ತೆ, ನಿಧಾನದ ಗಿರಾಕಿ. ಇನ್ನೊಂದು ಕಾಯಿಲ್, ಶಾರ್ಟ್ ಆದಾಗ ಅಯಸ್ಕಾಂತ ಆಗಿ ಟಪ್ ಅಂತ ಎಳೆಯುತ್ತೆ. ಮೇಲೆ ಸಿ16 ಅಂತ ಬರೆದಿದ್ರೆ ಆ ಕಾಯಿಲ್ ಎಳೆಯೋದು 16ರ 5ರಿಂದ 10 ಪಟ್ಟಿಗೆ, ಅಂದ್ರೆ 80ರಿಂದ 160 ಆಂಪ್ ಹರಿದಾಗ. ಅದಕ್ಕಿಂತ ಕಮ್ಮಿ ಆದ್ರೆ ಪಟ್ಟಿ ಬಿಸಿಯಾಗೋ ತನಕ ಕಾಯ್ಬೇಕು. ಇದೆಲ್ಲಾ ಮಾಡಿರೋದು ಗೋಡೆ ಒಳಗಿನ ವೈರ್ ಸುಟ್ಟು ಬೆಂಕಿ ಹತ್ತಬಾರ್ದು ಅಂತ. ಹಳೇ ಪಿಂಗಾಣಿ ಫ್ಯೂಸೂ ಅದಕ್ಕೇ ಇದ್ದಿದ್ದು. ಫ್ಯೂಸ್ ಕಾಲದಲ್ಲಿ ಯಾರೂ "ಫ್ಯೂಸ್ ಇದೆ, ಶಾಕ್ ಹೊಡೆಯಲ್ಲ" ಅಂತಿರಲಿಲ್ಲ. ಅದೇ ಕೆಲಸ ಬಿಳೀ ಪ್ಲಾಸ್ಟಿಕ್ ಡಬ್ಬಿಯಲ್ಲಿ ಲಿವರ್ ಸಮೇತ ಬಂದ ತಕ್ಷಣ ಎಲ್ರಿಗೂ ಅದು ಪ್ರಾಣ ಕಾಪಾಡೋ ಯಂತ್ರ ಆಗ್ಬಿಟ್ಟಿದೆ.

ಶಾಕ್‌ಗೆ ಬೀಳೋದು ಬೇರೆ ಪೆಟ್ಟಿಗೆ, ಅದರ ಹೆಸರು ಆರ್‌ಸಿಸಿಬಿ. ಅಂಗಡೀಲಿ ಇನ್ನೂ ಹಳೇ ಹೆಸರು ಇಎಲ್‌ಸಿಬಿ ಅಂತಾರೆ, ಹಾಗೆ ಕೇಳಿದ್ರೂ ಇದನ್ನೇ ಕೊಡ್ತಾರೆ. ಫೇಸ್‌ನಲ್ಲಿ ಹೋಗಿದ್ದು ಎಷ್ಟು, ನ್ಯೂಟ್ರಲ್‌ನಲ್ಲಿ ವಾಪಸ್ ಬಂದಿದ್ದು ಎಷ್ಟು ಅಂತ ಕೂತು ತೂಗೋದಷ್ಟೇ ಇದರ ಕೆಲಸ. ಹೋಗಿದ್ದು 8.93, ಬಂದಿದ್ದು 8.7, ನಡುವೆ 0.23 ಎಲ್ಲಿ ಹೋಯ್ತು? ಯಾರದ್ದೋ ಮೈ ಮೂಲಕ ಭೂಮಿಗೆ ಹೋಗಿದೆ, ಕಟ್. ಮನೆಗೆ ಹಾಕೋದು 30 ಮಿಲಿಆಂಪ್‌ದು, ಅಂದ್ರೆ ವ್ಯತ್ಯಾಸ 0.03 ಆಂಪ್ ಮುಟ್ಟೋದ್ರೊಳಗೆ ಬೀಳ್ಲೇಬೇಕು, ಸಾಮಾನ್ಯವಾಗಿ 20 ದಾಟಿದಾಗ್ಲೇ ಬಿದ್ದಿರುತ್ತೆ. ವ್ಯತ್ಯಾಸ 150 ಮಿಲಿಆಂಪ್ ಅಥವಾ ಅದಕ್ಕಿಂತ ಹೆಚ್ಚಿದ್ರೆ ಸೆಕೆಂಡಿನ 25ನೇ ಒಂದು ಭಾಗದೊಳಗೆ. ಶಾಕ್ ಹೊಡೆಯಲ್ಲ ಅಂತಲ್ಲ, ಹೊಡೆಯುತ್ತೆ, ನೀವು ಹೌಹಾರಿ ಕಿರುಚೋ ಅಷ್ಟರಲ್ಲಿ ಕರೆಂಟ್ ಹೋಗಿರುತ್ತೆ. ಒಂದು ಕೈಲಿ ಫೇಸ್ ಇನ್ನೊಂದು ಕೈಲಿ ನ್ಯೂಟ್ರಲ್ ಹಿಡ್ಕೊಂಡು ಮರದ ಸ್ಟೂಲ್ ಮೇಲೆ ನಿಂತ್ರೆ ಮಾತ್ರ ಅದಕ್ಕೂ ಗೊತ್ತಾಗಲ್ಲ, ಹೋಗಿದ್ದೆಲ್ಲಾ ವಾಪಸ್ ಬಂತಲ್ಲ.

ನಿಮ್ಮ ಡಿಬಿ ಬಾಕ್ಸ್, ಅಂದ್ರೆ ಎಂಸಿಬಿ ಎಲ್ಲಾ ಕೂರಿಸಿರೋ ಪೆಟ್ಟಿಗೆ, ತೆಗೆದು ನೋಡಿ. ಟೆಸ್ಟ್ ಅಂತ ಅಥವಾ ಬರೀ ಟಿ ಅಂತ ಬರೆದ ಪುಟ್ಟ ಗುಂಡಿ ಇದ್ಯಾ? ಇದ್ರೆ ಅದೇ ಆರ್‌ಸಿಸಿಬಿ. ಇಲ್ಲದಿದ್ರೆ ನಿಮ್ಮ ಹತ್ರ ಇರೋದು ಡಬಲ್ ಪೋಲ್ ಎಂಸಿಬಿ (ಫೇಸ್ ನ್ಯೂಟ್ರಲ್ ಎರಡನ್ನೂ ಕಟ್ ಮಾಡೋದು) ಅಥವಾ ಬರೀ ಐಸೋಲೇಟರ್ (ಕೈಲಿ ಆನ್ ಆಫ್ ಮಾಡೋ ಮೇನ್ ಸ್ವಿಚ್ಚು), ನೋಡೋಕೆ ಮೂರೂ ಅಣ್ಣತಮ್ಮಂದಿರ ಥರಾನೇ ಇರುತ್ತೆ. ಆರ್‌ಸಿಸಿಬಿ ಮೇಲೆ 40 ಆಂಪ್ ಅಂತಿರೋದು ನೋಡಿ ಗಾಬರಿ ಆಗ್ಬೇಡಿ, ಅದು ಹೊರೋ ತಾಕತ್ತು. ನೋಡ್ಬೇಕಾಗಿದ್ದು 0.03 ಅನ್ನೋದು. 0.1, 0.3 ಅಂತ ಇದ್ರೆ ಅದು ಬೆಂಕಿ ತಡೆಯೋಕೆ ಹಾಕೋದು, ಮನುಷ್ಯರಿಗಲ್ಲ.

ಇನ್ನು ಆರ್‌ಸಿಸಿಬಿ ಇದೆ ಅಂತ ನಿಶ್ಚಿಂತೆಯಿಂದ ಇರೋರ ಕಥೆ ಕೇಳಿ. ತುಮಕೂರಲ್ಲಿ ನಮ್ಮ ಚಿಕ್ಕಮ್ಮನ ಮನೆ. "ಏನೋ ಮಗ, ಫ್ರಿಜ್ ಮುಟ್ಟಿದ್ರೆ ಜುಮ್ ಅನ್ನುತ್ತೆ ಕಣೋ, ಬೆಳಿಗ್ಗೆ ಹೊತ್ತು ಮಾತ್ರ" ಅಂದ್ರು. ಬೆಳಿಗ್ಗೆ ಹೊತ್ತು ಮಾತ್ರ ಜುಮ್ ಅನ್ನೋ ಫ್ರಿಜ್ಜು! ಡಿಬಿ ತೆಗೆದೆ, ಆರ್‌ಸಿಸಿಬಿ ಇದೆ, ಲಿವರ್ ಮೇಲಿದೆ. ಗುಂಡಿ ಒತ್ತಿದೆ, ಟಕ್ ಅಂತ ಬಿತ್ತು. ಸರಿ ಅಂದ್ಕೊಂಡು ತಿರುಗಿ ನೋಡಿದ್ರೆ ಹಾಲ್ ಫ್ಯಾನ್ ಆರಾಮಾಗಿ ತಿರುಗ್ತಾ ಇದೆ. ಹಿಂದಿನ ಮಳೆಗಾಲದಲ್ಲಿ ಪದೇ ಪದೇ ಬೀಳುತ್ತೆ ಅಂತ ಯಾರೋ ಎಲೆಕ್ಟ್ರಿಷಿಯನ್ ಕರೆಸಿದ್ರಂತೆ, ಆ ಮಹಾನುಭಾವ ಕೆಳಗಿನ ಔಟ್‌ಪುಟ್ ವೈರ್ ಬಿಚ್ಚಿ ಮೇಲಿನ ಇನ್‌ಪುಟ್ ಸ್ಕ್ರೂಗೇ ಸೇರಿಸಿ ಹೋಗಿದ್ದ. ಪೆಟ್ಟಿಗೆ ಶೋಕೇಸ್ ಗೊಂಬೆ. ಅವನನ್ನೂ ಪೂರ್ತಿ ಬೈಯೋಕಾಗಲ್ಲ, "ಏನಾದ್ರೂ ಮಾಡಪ್ಪಾ, ಬೀಳಬಾರ್ದು ಅಷ್ಟೇ" ಅಂತ ಚಿಕ್ಕಪ್ಪನೇ ಹೇಳಿದ್ರಂತೆ.

ಆಮೇಲೆ ಮೀಟರ್ ಹಿಡಿದೆ. ಪ್ಲಗ್ಗಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ (ಲೀಕ್ ಆದ ಕರೆಂಟ್ ಭೂಮಿಗೆ ಇಳಿಸೋ ವೈರ್) ಮಧ್ಯೆ ಮೂರು ನಾಲ್ಕು ವೋಲ್ಟ್ ಬರ್ಬೇಕಾದ ಕಡೆ 130 ತೋರಿಸ್ತು. ಗೀಸರ್ ಆಫ್ ಮಾಡ್ಸಿದೆ, ಇಳೀತು. ಕಾಂಪೌಂಡ್ ಹತ್ರ ಅರ್ಥ್ ಪಿಟ್ ಕೆದಕಿದ್ರೆ ಪೈಪಿಗೆ ಬರೋ ಜಿಐ (ಸತು ಲೇಪಿಸಿದ ಕಬ್ಬಿಣ) ವೈರ್ ಮಣ್ಣೊಳಗೆ ತುಕ್ಕು ಹಿಡಿದು ಪುಡಿಪುಡಿ, ಕೈಗೆ ತುಂಡೇ ಬಂತು. ಗೀಸರ್ ಕಾಯಿಲ್ ಬೋರ್ ನೀರಿಗೆ ಉಪ್ಪು ಕಟ್ಟಿ ಬಿರುಕು ಬಿಟ್ಟಿದೆ, ಲೀಕ್ ಆಗಿದ್ದು ಭೂಮಿಗೆ ಹೋಗೋಕೆ ದಾರಿ ಇಲ್ಲ, ಮನೆ ಪೂರ್ತಿ ಅರ್ಥ್ ವೈರ್ ಒಂದಕ್ಕೊಂದು ಸೇರಿರೋದ್ರಿಂದ ಗೀಸರ್ ಲೀಕು ಫ್ರಿಜ್ ಬಾಡಿಗೂ ವಾಷಿಂಗ್ ಮಷೀನ್‌ಗೂ ಹಂಚಿಕೆ ಆಗ್ತಿದೆ. ಬೆಳಿಗ್ಗೆ ಗೀಸರ್ ಹಾಕಿದಾಗ ಫ್ರಿಜ್ ಜುಮ್ ಅನ್ನೋದು ಇದಕ್ಕೆ. ಫ್ರಿಜ್ ರಿಪೇರಿಗೆ ಅಂತ ಅಷ್ಟರಲ್ಲಿ ಎರಡು ಸಲ ದುಡ್ಡು ಕೊಟ್ಟಾಗಿತ್ತು.

ಹಾಗಾಗಿ ಗುಂಡಿ ಒತ್ತಿದಾಗ ಲಿವರ್ ಬಿತ್ತಾ ಅಂತ ಅಲ್ಲ, ಮನೆ ಕರೆಂಟ್ ಹೋಯ್ತಾ ಅಂತ ನೋಡಿ.

ಈಗ ನೀವು ಕೇಳ್ತೀರಾ, ಅರ್ಥಿಂಗ್ ಚೆನ್ನಾಗಿದ್ರೆ ಆರ್‌ಸಿಸಿಬಿ ಯಾಕೆ, ಇದ್ದಿಲು ಉಪ್ಪು ಹಾಕಿ ಗುಂಡಿ ತೋಡ್ಸಿದ್ದೀವಲ್ಲ ಅಂತ. ಲೆಕ್ಕ ಹಾಕೋಣ. ನಿಮ್ಮ ಅರ್ಥ್ ಪಿಟ್ ಅಡ್ಡಿ 10 ಓಮ್, ಬೀದೀಲಿರೋ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ರದ ಅರ್ಥ್ 2 ಓಮ್ ಅಂತ ಇಟ್ಕೊಳ್ಳಿ. ಫ್ರಿಜ್ ಒಳಗೆ ಫೇಸ್ ವೈರ್ ಸವೆದು ಬಾಡಿಗೆ ತಾಗ್ತು. 230 ಭಾಗಿಸು 12, ಸುಮಾರು 19 ಆಂಪ್ ಮಣ್ಣಿಗೆ ಹರಿಯುತ್ತೆ. 16ರ ಎಂಸಿಬಿ 18 ಆಂಪ್ ತನಕ ಒಂದು ಗಂಟೆ ಬೀಳಬಾರ್ದು, 23ಕ್ಕೆ ಒಂದು ಗಂಟೆ ಒಳಗೆ ಬಿದ್ರೆ ಸಾಕು, ಅದರ ನಿಯಮವೇ ಹಾಗೆ. 19 ಅಂದ್ರೆ ಬಿದ್ರೆ ಬಿತ್ತು ಇಲ್ಲಾಂದ್ರೆ ಇಲ್ಲ. ಅಷ್ಟು ಹೊತ್ತೂ ಫ್ರಿಜ್ ಬಾಡಿ ಮೇಲೆ 19 ಗುಣಿಸು 10, ಹತ್ರಹತ್ರ 190 ವೋಲ್ಟ್. ಇದು ಅರ್ಥಿಂಗ್ ಇರೋ ಮನೆ ಕಥೆ! ಅದೇ ಆರ್‌ಸಿಸಿಬಿ ಇದ್ರೆ 19 ಆಂಪ್ ವ್ಯತ್ಯಾಸ ಅದಕ್ಕೆ ಆನೆ ಬಂದಷ್ಟು ದೊಡ್ಡದು, ನೀವು ಮುಟ್ಟೋ ಮುಂಚೆನೇ ಕಟ್. ಅರ್ಥಿಂಗ್ ಬೇಡ ಅಂತ ಹೇಳ್ತಿಲ್ಲ, ಅದಿದ್ರೆ ತಾನೇ ಲೀಕ್ ಆಗಿದ್ದು ನಿಮ್ಮ ಮೈ ಬಿಟ್ಟು ಬೇರೆ ದಾರಿ ಹಿಡಿಯೋದು. ಎರಡೂ ಬೇಕು.

ಮಳೆಗಾಲದಲ್ಲಿ ಆರ್‌ಸಿಸಿಬಿ ಬೀಳೋದು ಕೆಟ್ಟಿದೆ ಅಂತಲ್ಲ, ಗೇಟ್ ಲೈಟ್ ಹೋಲ್ಡರ್‌ಗೋ ಸಂಪ್ ಮೋಟಾರ್‌ಗೋ ನೀರು ಇಳಿದಿದೆ ಅಂತ. ಎಲ್ಲಾ ಎಂಸಿಬಿ ಇಳಿಸಿ ಒಂದೊಂದೇ ಎತ್ತಿ, ಯಾವುದಕ್ಕೆ ಬಿತ್ತೋ ಅದೇ ಕಳ್ಳ. ಯಾವ್ದು ಎತ್ತಿದ್ರೂ ಬೀಳ್ತಿದೆ ಅಂದ್ರೆ ಎಲ್ಲೋ ನ್ಯೂಟ್ರಲ್ ಅರ್ಥ್‌ಗೆ ತಾಗಿರ್ಬಹುದು, ಆಗ ಎಲೆಕ್ಟ್ರಿಷಿಯನ್ ಬೇಕು. ಯುಪಿಎಸ್ ಹಾಕ್ಸಿದ ದಿನದಿಂದ ಬೀಳ್ತಿದೆ ಅಂದ್ರೆ ಯುಪಿಎಸ್ ಲೈನಿಗೆ ಬೇರೆ ಕಡೆಯ ನ್ಯೂಟ್ರಲ್ ಸೇರಿಸಿರ್ತಾರೆ, ಹೋಗಿದ್ದು ಒಂದು ದಾರಿ ಬಂದಿದ್ದು ಇನ್ನೊಂದು ದಾರಿ, ತಕ್ಕಡಿ ತೂಗಲ್ಲ. ಸರಿ ಮಾಡ್ಕೊಡಿ ಅಂತ ಪಟ್ಟು ಹಿಡೀರಿ, ಬೈಪಾಸ್ ಅಂದ್ರೆ ಬಾಗಿಲು ತೋರಿಸಿ.

ಇದನ್ನ ಯಾರೂ ಕೇಳಿಲ್ಲ, ಆದ್ರೂ ಬಂದಿರೋ ಮಾತು ಬಿಡೋಕಾಗಲ್ಲ. "ಒಂದೇ ಸಲ ಟಿವಿ, ಮೋಡೆಮ್, ಎಲ್‌ಇಡಿ ಬಲ್ಬ್ ಎಲ್ಲಾ ಸುಟ್ಟೋಯ್ತು, ಎಂಸಿಬಿ ಏನ್ ಮಾಡ್ತಿತ್ತು" ಅಂತ ಆಗಾಗ ಗೋಳಾಡ್ತಾರಲ್ಲ, ಅದು ಬಹಳ ಸಲ ಕಂಬದ ಹತ್ರ ನ್ಯೂಟ್ರಲ್ ಕಟ್ ಆಗಿದ್ದು. ಎರಡು ಫೇಸ್ ನಡುವೆ ಇರೋದು 400 ವೋಲ್ಟ್. ನಿಮ್ಮನೆ ಒಂದು ಫೇಸ್, ಪಕ್ಕದ ಮನೆ ಇನ್ನೊಂದು ಫೇಸ್, ನಡುವಿನ ನ್ಯೂಟ್ರಲ್ ಹೋಯ್ತು ಅಂದ್ರೆ ಎರಡೂ ಮನೆ ಮಾಲೆ ಬಲ್ಬಿನ ಥರ ಒಂದರ ಹಿಂದೆ ಒಂದು 400ರಲ್ಲಿ ನಿಂತ್ಕೊಳ್ಳುತ್ತೆ. ಪಕ್ಕದ ಮನೇಲಿ 2000 ವ್ಯಾಟ್ ಗೀಸರ್, ಅಡ್ಡಿ 26 ಓಮ್ ಆಸುಪಾಸು. ನಿಮ್ಮನೇಲಿ ಬರೀ 100 ವ್ಯಾಟಿನ ಟಿವಿ, ಅಡ್ಡಿ ಹೆಚ್ಚುಕಮ್ಮಿ 529 ಓಮ್ ಅಂತ ಹಿಡೀರಿ. ಅಡ್ಡಿ ಜಾಸ್ತಿ ಇರೋ ಕಡೆ ವೋಲ್ಟೇಜ್ ಜಾಸ್ತಿ ಕೂರುತ್ತೆ, ನಿಮ್ಮ ಟಿವಿಗೆ 380 ವೋಲ್ಟ್. ಪಕ್ಕದವ್ರ ಗೀಸರ್‌ಗೆ 19 ವೋಲ್ಟ್, ಅವರು "ಯಾಕೋ ನೀರೇ ಕಾಯ್ತಿಲ್ಲ" ಅಂತ ಕಾಯ್ತಾ ಇರ್ತಾರೆ. ಹರೀತಿರೋ ಕರೆಂಟ್ ಎಷ್ಟು ಗೊತ್ತಾ, 0.72 ಆಂಪ್. ಎಂಸಿಬಿ ಮಲಗಿರುತ್ತೆ. ಹೋಗಿದ್ದೆಲ್ಲಾ ವಾಪಸ್ ಬರ್ತಿದೆ, ಆರ್‌ಸಿಸಿಬಿಗೂ ಕಾಣಲ್ಲ.

ಇದಕ್ಕೆ ಓವರ್ ವೋಲ್ಟೇಜ್ ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಅಂತ ಬೇರೇನೇ ಬರುತ್ತೆ, ಡಿಬಿ ಒಳಗೇ ಎಂಸಿಬಿ ಪಕ್ಕ ಕೂರುತ್ತೆ, ವೋಲ್ಟೇಜ್ ಅಂಕೆ ತೋರಿಸೋ ಡಿಸ್‌ಪ್ಲೇ ಇರೋ ಥರದ್ದೂ ಸಿಗುತ್ತೆ. ಮೇಲಿನ ಕಟ್ 270 ಹತ್ರ ಇಡ್ಸಿ. ವಾಪಸ್ ಆನ್ ಆಗೋ ಟೈಮ್ 3 ನಿಮಿಷಕ್ಕೆ ಇಡ್ಸಿ, ಇಲ್ಲಾಂದ್ರೆ ಕರೆಂಟ್ ಹೋಗಿ ಬಂದು ಮಾಡಿದಾಗ ಫ್ರಿಜ್ ಕಂಪ್ರೆಸರ್ ಗುರ್ ಅಂತ ಒದ್ದಾಡುತ್ತೆ. ಚಿಕ್ಕಮ್ಮನ ಮನೇಲೂ ಹಾಕ್ಸಿದೆ. "ಕರೆಂಟ್ ಬಂದು ಮೂರು ನಿಮಿಷ ಆದ್ರೂ ನಮ್ಮನೇಲಿ ಮಾತ್ರ ಬರಲ್ಲ, ಸೀರಿಯಲ್ ಅರ್ಧ ಮುಗಿದಿರುತ್ತೆ, ಅದನ್ನ ತೆಗೆಸಿಬಿಡೋ" ಅಂತ ಈಗ ವಾರಕ್ಕೊಂದ್ಸಲ ಫೋನು.